ಮೊದಲು ಟೇಪು, ಆಮೇಲೆ ತಕ್ಕಡಿ

“ತೂಕ ಮೂರ ಕಿಲೋ ಚಿಲ್ರೆ ಅದ ಖರೆ ಸರ್, ಆದ್ರ ಜಾಗಾ ಐವತ್ತ ಕಿಲೋದ್ದು ತಿಂತದರೀ.”

ಕೊರಿಯರ್ ಅಂಗಡಿಯ ಹುಡುಗ ಹೀಗೆಂದಾಗ ನನಗೆ ನಗು ಬಂತು. ನಗುವ ಹೊತ್ತು ಅದಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಬೀಗರೊಬ್ಬರು ಗಾಜಿನ ಸಾಮಾನಿನ ಅಂಗಡಿ ಮುಚ್ಚಿದ್ದರು. ಕಪಾಟು, ಗಲ್ಲಾಪೆಟ್ಟಿಗೆ, ಫ್ಯಾನು ಎಲ್ಲ ಮಾರಿಹೋದ ಮೇಲೆ ಮೂಲೆಯಲ್ಲಿ ಬಬಲ್ ಶೀಟಿನ ಒಂದು ದೊಡ್ಡ ರೋಲು ಉಳಿದಿತ್ತು. “ಬೇಕಾದ್ರ ಒಯ್ರಿ” ಎಂದರು. ಪುಕ್ಕಟೆ ಬಂದ ಮಾಲು. ಫೋಟೊ ತೆಗೆದು ಮೊಬೈಲಿನಲ್ಲಿ ಮಾರಾಟಕ್ಕೆ ಹಾಕಿದೆ. ಸಂಜೆಯೊಳಗೆ ದಾವಣಗೆರೆಯಿಂದ ಒಬ್ಬರು 700 ರೂಪಾಯಿಗೆ ಒಪ್ಪಿದರು. ಹುರುಪಿನಲ್ಲಿ “ಕಳಿಸುವ ಖರ್ಚು ನನ್ನದೇ” ಎಂದೂ ಬರೆದುಬಿಟ್ಟೆ. ಮೂರು ಕಿಲೋದ ಹಗುರ ವಸ್ತುವಿಗೆ ಎಷ್ಟಾದೀತು, ನೂರೋ ನೂರೈವತ್ತೋ!

ಹುಡುಗ ತಕ್ಕಡಿ ಕಡೆ ನೋಡಲೇ ಇಲ್ಲ. ಡ್ರಾದಿಂದ ಬಡಿಗೇರರ ಟೇಪು ತೆಗೆದ. ಉದ್ದ 100 ಸೆಂಟಿಮೀಟರ್, ಅಗಲ 50, ಎತ್ತರ 50. ಮೂರನ್ನೂ ಗುಣಿಸಿದ, 5000ದಿಂದ ಭಾಗಿಸಿದ, ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ. 50 ಕಿಲೋ. ಬಾಡಿಗೆ ಎರಡು ಸಾವಿರದ ಮೇಲೆ. 700 ರೂಪಾಯಿಯ ಮಾಲು ಕಳಿಸಲು ಎರಡು ಸಾವಿರ ಕೊಡುವ ಶಾಣ್ಯಾತನ ನನ್ನಲ್ಲಿರಲಿಲ್ಲವಾದ್ದರಿಂದ ದಾವಣಗೆರೆಯವರಿಗೆ ಕ್ಷಮೆ ಕೇಳಿ, ರೋಲನ್ನು ಬಗಲಲ್ಲಿ ಅವಚಿಕೊಂಡು ನವಲಗುಂದದ ಬಸ್ಸು ಹತ್ತಿದೆ. ಕಂಡಕ್ಟರು ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಇವರಿಗೆ ಫುಲ್ ಟಿಕೀಟೋ ಹಾಫ್ ಟಿಕೀಟೋ?” ಎಂದು ಕೇಳಿದ. ಬಸ್ಸಿಗೆ ಬಸ್ಸೇ ನಕ್ಕಿತು.

ತಮ್ಮಾ, ತಂಗಿ, ಆ ಅವಮಾನದಿಂದ ನಾನು ಕಲಿತದ್ದನ್ನು ನಿಮ್ಮ ಕೈಗೆ ಪುಕ್ಕಟೆ ಕೊಡುತ್ತಿದ್ದೇನೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಹಳ್ಳಿಗಳಿಂದ ಪದವಿ ಮುಗಿಸಿ ಧಾರವಾಡದ ಸಪ್ತಾಪುರದಲ್ಲಿ ನಾಲ್ಕು ಮಂದಿ ಸೇರಿ ಒಂದು ಖೋಲಿ ಹಿಡಿದು ಪಿಎಸ್ಐ, ಎಫ್‌ಡಿಎ, ಪಿಡಿಒ ಎಂದು ವರ್ಷಗಟ್ಟಲೆ ಓದುತ್ತಿರುವ ನಿಮಗೇ ಈ ಮಾತು. ಆಯತಘನದ ಘನಫಲ ಕಂಡುಹಿಡಿಯಿರಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದರೆ ಅರೆ ನಿಮಿಷದಲ್ಲಿ ಉತ್ತರಕ್ಕೆ ಗುರುತು ಹಾಕುತ್ತೀರಿ. ಅದೇ ಲೆಕ್ಕವನ್ನು ಕೊರಿಯರಿನ ಹುಡುಗ ದಿನಕ್ಕೆ ನೂರು ಸಲ ಮಾಡಿ ದುಡ್ಡು ಎಣಿಸುತ್ತಾನೆ. ನೀವು ಒಂದು ಅಂಕಕ್ಕಾಗಿ ಮಾಡುವ ಲೆಕ್ಕ ಊರಿನ ಅಟ್ಟದ ಮೇಲೆ ರೂಪಾಯಿಯಾಗಿ ಬಿದ್ದಿದೆ. ಓದು ಬಿಡಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಿಮ್ಮ ಅಪ್ಪಂದಿರು ನನ್ನನ್ನು ಹುಡುಕಿಕೊಂಡು ಬಂದಾರು. ಊರಲ್ಲಿ ಬಿದ್ದಿರುವ ಪ್ಯಾಕಿಂಗ್ ಸಾಮಾನು ಕೂಡಿಸಿ ಮಾರಲು ದಿನಕ್ಕೆ ಎರಡು ತಾಸು ಕೊಡಿ. ಖೋಲಿಯ ಬಾಡಿಗೆಯಾದರೂ ಮನೆಯಿಂದ ತರಿಸುವುದು ತಪ್ಪಲಿ.

ಆ 5000 ಎಂಬ ಅಂಕೆ ಎಲ್ಲಿಂದ ಬಂತು? ಹೆಚ್ಚಿನ ಕೊರಿಯರ್‌ಗಳು ಬಳಸುವ ಭಾಜಕ ಅದು. ಲಾರಿ ಎರಡು ರೀತಿಯಲ್ಲಿ ತುಂಬುತ್ತದೆ. ಸಿಮೆಂಟು ಹೇರಿದರೆ ಜಾಗ ಉಳಿದಿರುತ್ತದೆ, ಗಾಲಿ ಕುಸಿಯುತ್ತದೆ. ಹತ್ತಿ ಹೇರಿದರೆ ಗಾಲಿಗೆ ಭಾರವೇ ತಿಳಿಯದು, ಜಾಗ ಮುಗಿದುಹೋಗುತ್ತದೆ. ಬಿಡಿ ಅರಳೆಯನ್ನು ಒತ್ತಿ ಅಂಡಿಗೆ ಕಟ್ಟುವುದು ಏಕೆಂದು ಎರಿ ಹೊಲದ ಹುಡುಗರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಗಿಸುವವನು ತೂಕ, ಜಾಗ ಎರಡನ್ನೂ ಲೆಕ್ಕ ಹಾಕಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಕೇಳುತ್ತಾನೆ. ಅವನದೇನೂ ಮೋಸವಿಲ್ಲ. ಪ್ಯಾಕಿಂಗ್ ಸಾಮಾನು ಎಂಬುದರ ಹುಟ್ಟೇ ಹಾಗೆ: ಜಾಗ ತುಂಬುವುದು ಅದರ ಧರ್ಮ, ಹಗುರಾಗಿರುವುದು ಅದರ ಗುಣ. ಮಾರುವವನಿಗೆ ಎರಡೂ ಶತ್ರುಗಳೇ.

ಅದಕ್ಕೇ ಹೇಳಿದ್ದು, ಮೊದಲು ಟೇಪು ಹಿಡಿಯಿರಿ.

ಈಗ ಒಂದು ಲೆಕ್ಕ ಕೂಡಿ ಮಾಡೋಣ, ಹಾಳೆ ತೆಗೆದುಕೊಳ್ಳಿ. 40 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ಒಂದು ರಟ್ಟಿನ ಬಾಕ್ಸು. ಕಿರಾಣಿ ಅಂಗಡಿಗೆ ಬಿಸ್ಕೀಟೋ ಸಾಬೂನೋ ಬಂದು ಖಾಲಿಯಾದಾಗ ಉಳಿಯುವಂಥದು. ಬಾಕ್ಸಿನ ರೂಪದಲ್ಲೇ ಕಳಿಸಿದರೆ ಒಂದೊಂದಕ್ಕೂ 7.2 ಕಿಲೋ ಲೆಕ್ಕ ಬೀಳುತ್ತದೆ. 25 ಬಾಕ್ಸಿಗೆ 180 ಕಿಲೋ. ಅದೇ ಬಾಕ್ಸಿನ ಅಡಿಯ ಟೇಪು ಕುಯ್ದು ಮಡಚಿದರೆ 70 ಸೆಂಟಿಮೀಟರ್ ಉದ್ದ, 60 ಅಗಲದ ಹಲಗೆಯಾಗುತ್ತದೆ. ಮೂರು ಪ್ಲೈನ 25 ಬಾಕ್ಸು ಒಂದರ ಮೇಲೊಂದು ಇಟ್ಟರೆ ಸುಮಾರು 15 ಸೆಂಟಿಮೀಟರ್ ದಪ್ಪ. ಗುಣಿಸಿ ಭಾಗಿಸಿ: 12.6 ಕಿಲೋ. ನೂರಾ ಎಂಬತ್ತು ಎಲ್ಲಿ, ಹನ್ನೆರಡೂವರೆ ಎಲ್ಲಿ! ಇನ್ನೂ ಮುಗಿಯಲಿಲ್ಲ. ಆ ಕಟ್ಟಿನ ಮೇಲೆ ಒಬ್ಬ ಕುಳಿತು ಇನ್ನೊಬ್ಬ ಸುತಳಿ ಬಿಗಿದರೆ ದಪ್ಪ 13 ಸೆಂಟಿಮೀಟರಿಗೆ ಇಳಿಯುತ್ತದೆ. ಆಗ 10.92 ಕಿಲೋ. ಬಾಡಿಗೆ ಹಾಕುವವರು ಕಿಲೋಗೆ ಏರಿಸಿ ಹಿಡಿಯುತ್ತಾರಾದ್ದರಿಂದ 13 ಕಿಲೋದ ಬಿಲ್ಲು 11ಕ್ಕೆ ಬಂತು. ಗೆಳೆಯ ಐದು ನಿಮಿಷ ರಟ್ಟಿನ ಮೇಲೆ ಕುಳಿತದ್ದಕ್ಕೆ ಎರಡು ಕಿಲೋದ ಬಾಡಿಗೆ ಉಳಿಯಿತು. ಇಷ್ಟು ಸುಲಭದ ನೌಕರಿ ಯಾವ ಇಲಾಖೆಯಲ್ಲಿದೆ?

ಇದರಿಂದ ಹುಟ್ಟುವ ಸೂತ್ರ ಒಂದೇ. ಚಪ್ಪಟೆಯಾಗುವುದು ದೂರಕ್ಕೆ, ಉಬ್ಬಿದ್ದು ಊರಿಗೆ. ಮಡಚಿದ ಬಾಕ್ಸು, ಗೋಣಿಚೀಲ, ಪ್ಲಾಸ್ಟಿಕ್ ಚೀಲ, ಪೇಪರಿನ ಹಾಳೆ ಬೆಂಗಳೂರಿಗೂ ಹೋಗಲಿ, ಬೀದರಿಗೂ ಹೋಗಲಿ. ಬಬಲ್ ಶೀಟು, ಥರ್ಮೋಕೋಲು, ಫೋಮು ಮಾತ್ರ ಬಸ್ಸಿನ ಒಂದು ತಾಸಿನ ಹಾದಿ ದಾಟಬಾರದು.

ಮಾಲು ಎಲ್ಲಿದೆ ಎಂದು ಕೇಳುವವರಿದ್ದೀರಿ. ಬೀಜ ಗೊಬ್ಬರದ ಅಂಗಡಿಯ ಹಿಂದಿದೆ, ಟಿವಿ ಫ್ರಿಜ್ಜು ಮಾರುವವನ ಮೆಟ್ಟಿಲ ಕೆಳಗಿದೆ, ಔಷಧಿ ಅಂಗಡಿಯ ಮುಂದಿನ ಗಟಾರದ ಮೇಲಿದೆ. ಸಂಜೆ ಪ್ಯಾಟಿಯಲ್ಲಿ ರಟ್ಟು ಸುಡುವ ಹೊಗೆ ನಾನು ಎಷ್ಟೋ ಸಲ ಕುಡಿದಿದ್ದೇನೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಗಳಿವೆ. ಕಾರ್ಖಾನೆ ಎಂದ ಮೇಲೆ ಆರ್ಡರು ರದ್ದಾಗಿ ಉಳಿದ ಬಾಕ್ಸು, ಅಳತೆ ತಪ್ಪಿ ಬಂದ ಬಾಕ್ಸು, ಹೆಸರು ಬದಲಾಗಿ ಬೇಡವಾದ ಅಚ್ಚಿನ ಬಾಕ್ಸು ಇದ್ದೇ ಇರುತ್ತದೆ. ಒಮ್ಮೆಯೂ ಬಳಸದ ಹೊಸ ಮಾಲು, ರದ್ದಿಯ ರೇಟಿಗೆ ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ರದ್ದಿಯವನಿಗೆ ಅದು ಕಾಗದದ ತೂಕ. ಮನೆಯಲ್ಲಿ ಕುಳಿತು ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ಕಳಿಸುವ ಹೆಣ್ಣುಮಗಳಿಗೆ ಅದು ಬಾಕ್ಸು. ಒಂದೊಂದನ್ನೂ ಎಣಿಸಿ ಕೊಳ್ಳುತ್ತಾಳೆ. ಕಿಲೋ ಲೆಕ್ಕದಲ್ಲಿ ಕೊಂಡು ನಗ ಲೆಕ್ಕದಲ್ಲಿ ಮಾರುವುದು, ಇಡೀ ದಂಧೆಯ ಗುಟ್ಟು ಇಷ್ಟೇ.

ಹೋಳಿ ಹುಣ್ಣಿಮೆಗೆ ಕಾಮಣ್ಣನಿಗೆಂದು ಕಟ್ಟಿಗೆ, ಕುಳ್ಳು ಕೂಡಿಸಿದ್ದು ನೆನಪಿದೆಯೇ? ಯಾವ ಹಿತ್ತಿಲಲ್ಲಿ ಮುರಿದ ಕುಂಟೆ ಇದೆ, ಯಾರ ಗೋಡೆಯ ಮೇಲೆ ಕುಳ್ಳು ಬಡಿದಿದ್ದಾರೆ, ಯಾವ ಮನೆಯ ನಾಯಿ ಬೊಗಳುವುದಿಲ್ಲ ಎಂಬುದೆಲ್ಲ ನಿಮಗೆ ಬಾಯಿಪಾಠವಿತ್ತು. ಊರಿನ ಅಷ್ಟು ಒಳ್ಳೆಯ ನಕಾಶೆ ಯಾವ ದೊಡ್ಡ ಕಂಪನಿಯ ಕಂಪ್ಯೂಟರಿನಲ್ಲೂ ಇಲ್ಲ. ಅದೇ ಓಣಿಗಳನ್ನು ಇನ್ನೊಮ್ಮೆ ತಿರುಗಿ. ಈ ಸಲ ಹಾಡಹಗಲು, ಕೇಳಿಕೊಂಡು, ದುಡ್ಡು ಕೊಟ್ಟು.

ನಾಚಿಕೆಯಾಗುತ್ತದೆಯೇ? “ಬಿಎ ಮುಗಿಸಿ ಡಬ್ಬಿ ಆರಿಸಾಕತ್ತಾನ” ಎಂದು ಕಟ್ಟೆಯ ಮೇಲಿನವರು ಅನ್ನುತ್ತಾರೆಂದೇ? ಅನ್ನಲಿ. ನಮ್ಮ ಸೀಮೆಯಲ್ಲಿ ಮರುಬಳಕೆ ಹೊಸ ವಿದ್ಯೆಯೇನಲ್ಲ. ಹಳೇ ಸೀರೆ, ಧೋತರದ ತುಂಡು ಪೇರಿಸಿ ಕೌದಿ ಹೊಲಿದು ಹೊದ್ದವರ ಮೊಮ್ಮಕ್ಕಳು ನಾವು. ಗೊಬ್ಬರದ ಚೀಲ ಬಿಚ್ಚಿ ಒಂದಕ್ಕೊಂದು ಹೊಲಿದು ರಾಶಿಯ ಕಣದಲ್ಲಿ ಹಾಸದ ರೈತ ಯಾರಿದ್ದಾನೆ? ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಂಥ ಮಾರುಕಟ್ಟೆಗಳ ಸುತ್ತ ಬಾರದಾನದ ವ್ಯಾಪಾರವೆಂಬುದೇ ಒಂದು ಇದೆ. ಒಮ್ಮೆ ಕಾಳು ತುಂಬಿ ಖಾಲಿಯಾದ ಗೋಣಿಯನ್ನು ಕೊಂಡು, ಝಾಡಿಸಿ, ತೂತಿಗೆ ದಬ್ಬಣದಿಂದ ತೇಪೆ ಹಾಕಿ, ದರ್ಜೆ ಬೇರೆ ಮಾಡಿ ಮತ್ತೆ ಮಾರುವುದು. ಆ ವ್ಯಾಪಾರಿಗಳು ಯಾವ ಕಾಲೇಜಿನಲ್ಲೂ ಓದದೆ ಕಂಡುಕೊಂಡದ್ದನ್ನು ನಗರದವರು ಈಗ ಸರ್ಕ್ಯುಲರ್ ಎಕಾನಮಿ ಎಂದು ಕರೆದು ಹವಾನಿಯಂತ್ರಿತ ಸಭಾಂಗಣದಲ್ಲಿ ಭಾಷಣ ಮಾಡುತ್ತಾರೆ.

ಗೋಣಿಯದು ಇನ್ನೊಂದು ಸೊಗಸು. 50 ಕಿಲೋ ಧಾನ್ಯ ಹಿಡಿಯುವ ಸರ್ಕಾರಿ ಖರೀದಿಯ ಬಿ-ಟ್ವಿಲ್ ಸೆಣಬಿನ ಚೀಲದ ತೂಕ 580 ಗ್ರಾಂ. 50 ಚೀಲ ಕಟ್ಟಿದರೆ 29 ಕಿಲೋ. ಒತ್ತಿ ಕಟ್ಟಿದ ಗೋಣಿ ಗಿಡ್ಡಗೆ ಗಟ್ಟಿಯಾಗಿ ಕೂಡುವುದರಿಂದ ಟೇಪಿನ ಲೆಕ್ಕ ತಕ್ಕಡಿಯ ಲೆಕ್ಕವನ್ನು ಮೀರಿ ಓಡುವುದಿಲ್ಲ. ದೂರದ ನರ್ಸರಿಯವರು, ಮನೆಯ ತಾರಸಿಯಲ್ಲಿ ತೋಟ ಮಾಡುವವರು, ಗೋಣಿಯಿಂದ ಕೈಚೀಲ ಹೊಲಿಯುವವರು, ಎಲ್ಲರೂ ಗಿರಾಕಿಗಳೇ.

ಆದರೆ ಒಂದು ಕಡೆ ನಿಮ್ಮ ಕೈ ಹಿಡಿದು ನಿಲ್ಲಿಸುತ್ತೇನೆ. ಕೀಟನಾಶಕದ ಡಬ್ಬಿ, ಅದರ ರಟ್ಟು ಯಾವ ಕಾರಣಕ್ಕೂ ಬೇಡ. ಯೂರಿಯಾ ಬಂದ ಚೀಲವನ್ನು ಎಷ್ಟೇ ತೊಳೆದರೂ ಅದರಲ್ಲಿ ಹಿಟ್ಟು, ಬೇಳೆ ತುಂಬುವವರಿಗೆ ಮಾರಬಾರದು. ಬಳಸಿದ ರಟ್ಟಿನ ಒಳಗೆ ತಿನ್ನುವ ಪದಾರ್ಥ ನೇರವಾಗಿ ತಾಗಬಾರದು; ರೊಟ್ಟಿ ಕಳಿಸುವ ಅಕ್ಕನಿಗೆ ಒಳಗೆ ಹೊಸ ಕವರು ಹಾಕಲು ನೀವೇ ಹೇಳಬೇಕು. ಹತ್ತು ರೂಪಾಯಿ ಲಾಭಕ್ಕೆ ಒಬ್ಬರ ಮನೆಯ ಕೂಸಿನ ಹೊಟ್ಟೆಗೆ ವಿಷ ಹಾಕುವ ವ್ಯಾಪಾರ ನಮಗೆ ಬೇಡವೇ ಬೇಡ.

ಸಾಗಣೆಯ ಮಾತಿಗೆ ಬಂದರೆ ನೀವು ಹುಟ್ಟಿದ ನೆಲವೇ ಅದರ ಪಾಠಶಾಲೆ. ಗದಗಿನ ಮುದ್ರಣ, ಪ್ರಕಾಶನದ ಮನೆತನದ ವಿಜಯ ಸಂಕೇಶ್ವರ 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿದರು. ಹುಬ್ಬಳ್ಳಿಯಲ್ಲಿ ಕೇಂದ್ರ ಹೂಡಿದ ಅವರ ವಿಆರ್‌ಎಲ್‌ನ ಹಳದಿ ಲಾರಿ ಇಂದು ದೇಶದ ಯಾವ ಹೆದ್ದಾರಿಯಲ್ಲಿ ನಿಂತರೂ ಕಣ್ಣಿಗೆ ಬೀಳುತ್ತದೆ. ಆ ಕಂಪನಿ ಬೆಳೆದದ್ದು ಇಡೀ ಲಾರಿ ಬಾಡಿಗೆಗೆ ಹಿಡಿಯುವ ಸಾಹುಕಾರರನ್ನಷ್ಟೇ ನಂಬಿಕೊಂಡಲ್ಲ. ಒಬ್ಬನ ಎರಡು ಗಂಟು, ಇನ್ನೊಬ್ಬನ ಐದು ಡಬ್ಬಿ, ಮತ್ತೊಬ್ಬನ ಒಂದು ಮಂಚ, ಎಲ್ಲವನ್ನೂ ಒಂದೇ ಲಾರಿಯಲ್ಲಿ ಜೋಡಿಸಿ ಬಾಡಿಗೆಯನ್ನು ಹಂಚುವ ಪಾರ್ಸೆಲ್ ವ್ಯವಹಾರ ಅದರ ಬೆನ್ನೆಲುಬು. ಅಮೆರಿಕದಲ್ಲೂ ಹೀಗೇ ಒಬ್ಬ ಲಾರಿ ಮಾಲೀಕನಿದ್ದ, ಮಾಲ್ಕಮ್ ಮೆಕ್ಲೀನ್. ಹಮಾಲರು ಒಂದೊಂದೇ ಗಂಟು ಹೊತ್ತು ಹಡಗಿಗೆ ಏರಿಸುವುದನ್ನು ನೋಡಿ ನೋಡಿ ಬೇಸತ್ತು, ಲಾರಿಯ ಡಬ್ಬಿಯನ್ನೇ ಎತ್ತಿ ಹಡಗಿನ ಮೇಲಿಟ್ಟರೇನು ಎಂದು ಯೋಚಿಸಿದ. 1956ರ ಏಪ್ರಿಲ್ 26ರಂದು ಅವನ ಐಡಿಯಲ್ ಎಕ್ಸ್ ಹಡಗು 58 ಡಬ್ಬಿ ಹೊತ್ತು ನೆವಾರ್ಕಿನಿಂದ ಹೂಸ್ಟನ್ ಕಡೆ ಹೊರಟಿತು. ಟನ್ನಿಗೆ ಆರು ಡಾಲರಿನ ಹತ್ತಿರವಿದ್ದ ಹೇರುವ ಖರ್ಚು ಹದಿನಾರು ಸೆಂಟಿಗೆ ಇಳಿಯಿತು. ಮಾಲು ಹಳೆಯದೇ, ಹಡಗೂ ಹಳೆಯದೇ. ಹೊಸದಾಗಿದ್ದದ್ದು ಜಾಗವನ್ನು ನೋಡಿದ ಕಣ್ಣು.

ನಿಮಗೆ ಹಡಗು ಬೇಕಿಲ್ಲ, ಸದ್ಯಕ್ಕೆ ಲಾರಿಯೂ ಬೇಡ. ನವಲಗುಂದಕ್ಕೆ ರೈಲಿಲ್ಲ, ಅಣ್ಣಿಗೇರಿಗಿದೆ, ಕುಂದಗೋಳಕ್ಕಿದೆ. ಬಸ್ಸಂತೂ ಎಲ್ಲ ಕಡೆಗೂ ಇದೆ. ಸಾರಿಗೆ ನಿಗಮಗಳು 2021ರಲ್ಲಿ ‘ನಮ್ಮ ಕಾರ್ಗೋ’ ಎಂಬ ಪಾರ್ಸೆಲ್ ಸೇವೆ ಶುರು ಮಾಡಿದ ಮೇಲೆ ಬಸ್ಸಿನ ಡಿಕ್ಕಿಯೂ ನಿಮ್ಮ ಗೋದಾಮಿನ ಬಾಗಿಲಾಗಿದೆ. ಭಾರದ ಕಟ್ಟಿದ್ದರೆ ಟ್ರಾನ್ಸ್‌ಪೋರ್ಟಿಗೆ ಹಾಕಿ, ಎಲ್‌ಆರ್ ರಸೀದಿಯ ಫೋಟೊವನ್ನು ಗಿರಾಕಿಗೆ ಕಳಿಸಿ. ಅವನೇ ಗೋದಾಮಿಗೆ ಹೋಗಿ ಬಿಡಿಸಿಕೊಂಡರೆ ಮನೆ ಬಾಗಿಲಿಗೆ ಮುಟ್ಟಿಸುವ ಖರ್ಚು ಉಳಿಯಿತು. ಸಣ್ಣದಿದ್ದರೆ ಅಂಚೆ. ಅಂಚೆಯ ಮಾತಿಗೆ ಒಂದು ವಿಚಿತ್ರ: ನಾಲ್ಕೂ ತಾಲೂಕು ಒಂದೇ ಜಿಲ್ಲೆಯವು, ಪಿನ್ ಕೋಡು ಮಾತ್ರ ಎರಡು ಗುಂಪು. ಕುಂದಗೋಳ 581113, ಕಲಘಟಗಿ 581204. ನವಲಗುಂದ 582208, ಅಣ್ಣಿಗೇರಿ 582201, ಅಂದರೆ ಗದಗಿನ ಕುಲ. ಕೊರಿಯರಿನವರು ದರ ಹಾಕುವುದು ಪಿನ್ ಕೋಡು ನೋಡಿ. ಕೆಲವು ಹಳ್ಳಿಗಳ ಪಿನ್ ಹಾಕಿದ ಕೂಡಲೇ ‘ಹೊರವಲಯ’ ಎಂದು ಹೆಚ್ಚಿನ ದರ ಏರುತ್ತದೆ. ಹಾಗಿದ್ದಲ್ಲಿ ಹುಬ್ಬಳ್ಳಿಗೆ ಓದಲು, ದುಡಿಯಲು ದಿನಾ ಹೋಗಿ ಬರುವ ಗೆಳೆಯನೊಬ್ಬನನ್ನು ಪಾಲುದಾರನಾಗಿ ಹಿಡಿಯಿರಿ. ಅವನ ಬಸ್ ಪಾಸು ನಿಮ್ಮ ಬಂಡವಾಳ.

ತೂಕದ ಮೆಟ್ಟಿಲುಗಳನ್ನೂ ತಿಳಿದಿರಬೇಕು. ಸಣ್ಣ ಪಾರ್ಸೆಲ್ಲಿನ ದರ ಅರ್ಧರ್ಧ ಕಿಲೋಗೆ ಏರುವುದು ರೂಢಿ. 500 ಗ್ರಾಂ ಇದ್ದರೆ ಒಂದು ಮೆಟ್ಟಿಲು, 510 ಆದರೆ ಎರಡನೆಯ ಮೆಟ್ಟಿಲು. ಆ ಹತ್ತು ಗ್ರಾಂ ಬಹಳ ಸಲ ನೀವೇ ಧಾರಾಳವಾಗಿ ಸುತ್ತಿದ ಟೇಪಿನದು. ಮನೆಯಲ್ಲೊಂದು ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಪ್ರತಿ ಕಟ್ಟನ್ನೂ ತಕ್ಕಡಿಯ ಮೇಲಿಟ್ಟು, ಪಕ್ಕದಲ್ಲಿ ಟೇಪು ಹಿಡಿದು ಮೂರೂ ಮೈಯ ಫೋಟೊ ತೆಗೆಯಿರಿ. ನಾಳೆ ಹನ್ನೆರಡು ಕಿಲೋದ ಕಟ್ಟಿಗೆ ಹದಿನೆಂಟು ಕಿಲೋದ ಬಿಲ್ಲು ಬಂದಾಗ ಜಗಳಕ್ಕೆ ಬಾಯಿ ಸಾಲದು, ಫೋಟೊ ಬೇಕು.

ಇನ್ನು ಎಲ್ಲಕ್ಕಿಂತ ದೊಡ್ಡ ಗುಂಡಿ: ಮುಟ್ಟಿದ ಮೇಲೆ ದುಡ್ಡು ಕೊಡುತ್ತೇನೆ ಎನ್ನುವ ಗಿರಾಕಿ. ವಿ.ಪಿ.ಪಿ. ಮಾಡಿ ವಾಪಸ್ ಬಂದ ಪುಸ್ತಕದ ಗಂಟು ನೋಡಿ ಕಣ್ಣೀರು ಹಾಕಿದ ಪ್ರಕಾಶಕರ ನಾಡು ಇದು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದ ಓದುಗರನ್ನು ಅವರು ಸಂಪಾದಿಸಿದ್ದು ಹೆಗಲ ಮೇಲಿನ ಸಾಗಣೆಯಿಂದ. ನಿಮ್ಮ ಕೈಯಲ್ಲಿ ಯುಪಿಐ ಇದೆ. ದುಡ್ಡು ಬಂದ ಮೇಲೆ ಮಾಲು ಹೊರಡಲಿ. ಡಬ್ಬಿಯ ಕಟ್ಟೊಂದು ಹೋಗಿ ಬಾಗಿಲಲ್ಲಿ “ಬ್ಯಾಡ” ಎನ್ನಿಸಿಕೊಂಡು ಬಂದರೆ ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ನಿಮ್ಮ ಜೇಬಿನಿಂದಲೇ. ನಾಲ್ಕು ಕಟ್ಟು ಮಾರಿ ಗಳಿಸಿದ್ದು ಒಂದು ವಾಪಸ್ಸಿನಲ್ಲಿ ಹೋಗುತ್ತದೆ. ಮುಖ ನೋಡದ ಗಿರಾಕಿ ಮುಂಗಡ ದುಡ್ಡು ಕೊಡಬೇಕಾದರೆ ನಿಮ್ಮ ಜಾಹೀರಾತು ಪ್ರಾಮಾಣಿಕವಾಗಿರಬೇಕು, ಇದೂ ಅಷ್ಟೇ ನಿಜ. “ಒಳ್ಳೆ ಕ್ವಾಲಿಟಿ ಬಾಕ್ಸ್, ಕಡಿಮೆ ರೇಟ್” ಎಂದು ಬರೆಯುವವರು ಲಕ್ಷ ಮಂದಿ ಇದ್ದಾರೆ. ನೀವು ಹೀಗೆ ಬರೆಯಿರಿ: ಮೂರು ಪ್ಲೈ, ಒಳಅಳತೆ ಇಂಚಿನಲ್ಲಿ ಇಷ್ಟು, ಒಮ್ಮೆ ಬಳಸಿದ್ದು, ಒಂದು ಮೈಗೆ ಹಳೆ ಸ್ಟಿಕರ್ ಇದೆ, ಮೂಲೆ ಗಟ್ಟಿ ಇದೆ, 25ರ ಕಟ್ಟು, ಸಾಗಣೆ ಸೇರಿ ಇಷ್ಟು. ಸ್ಟಿಕರ್ ಇರುವುದನ್ನು ಮೊದಲೇ ಹೇಳಿದವನ ಬಾಕ್ಸು ವಾಪಸ್ ಬರುವುದಿಲ್ಲ. ಆ ಸ್ಟಿಕರಿನಲ್ಲಿ ಯಾರದಾದರೂ ಹೆಸರು, ಫೋನ್ ನಂಬರು ಇದ್ದರೆ ಮಾತ್ರ ಮಸಿ ಬಳಿದೇ ಕಳಿಸಿ.

ತೆರಿಗೆಯ ಬಗ್ಗೆ ಎರಡೇ ಮಾತು. ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರುವ ಸಣ್ಣವರಿಗೂ 2023ರ ಅಕ್ಟೋಬರ್ 1ರಿಂದ ಈ ಸಡಿಲಿಕೆ ಸಿಕ್ಕಿದೆ, ಪೋರ್ಟಲಿನಲ್ಲಿ ಹೆಸರು ಹಚ್ಚಿ ಗುರುತಿನ ಸಂಖ್ಯೆ ಪಡೆದರೆ ಸಾಕು. ಕೊಲ್ಹಾಪುರಕ್ಕೋ ಗೋವಾಕ್ಕೋ ಮಾರಹೊರಟರೆ ಮಾತ್ರ ನಿಯಮ ಬೇರೆ, ಮೊದಲು ನೋಂದಣಿ ಮಾಡಿಸಬೇಕು. ಮೊದಲ ವರ್ಷ ಕರ್ನಾಟಕ ಸಾಲದೇ?

ಹತ್ತಿರದ ಗಿರಾಕಿಯನ್ನು ಮರೆತು ದೂರದವರ ಬೆನ್ನು ಹತ್ತಬೇಡಿ. ನವಲಗುಂದದ ಜಮಖಾನೆಯ ಹೆಸರು ಕೇಳದವರಿಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನಿಲುಮಗ್ಗದ ಮುಂದೆ ಕುಳಿತು, ಹತ್ತಿಯ ಬಣ್ಣದ ನೂಲಿನಲ್ಲಿ ಪಗಡೆಯ ಹಾಸು, ನವಿಲು ಮೂಡಿಸುವ ಹೆಣ್ಣುಮಕ್ಕಳು ಇಂದು ಊರಿನಲ್ಲಿ ಬೆರಳೆಣಿಕೆಯಷ್ಟು. ನೇಯುವ ಕೈಗೆ ಪಾರ್ಸೆಲ್ ಕಟ್ಟುವ ಪುರುಸೊತ್ತಿಲ್ಲ, ಕೊರಿಯರಿನವನ ಭಾಷೆಯೂ ಬೇಕಿಲ್ಲ. ಅಲ್ಲಿಗೆ ಟೇಪು ಹಿಡಿದು ನೀವು ಹೋಗಬೇಕು. ಒಂದು ಜಮಖಾನೆಯನ್ನು ಉದ್ದಕ್ಕೆ ಸುರುಳಿ ಸುತ್ತಿದಾಗ 100 ಸೆಂಟಿಮೀಟರ್ ಉದ್ದ, 15 ದಪ್ಪ ಆಯಿತೆನ್ನಿ. ಟೇಪಿನ ಲೆಕ್ಕ 4.5 ಕಿಲೋ. ಅದನ್ನೇ ಮಡಿಕೆ ಹಾಕಿ 45, 45, 8ರ ಚೌಕ ಕಟ್ಟು ಮಾಡಿದರೆ 3.24. ಮಾಲು ಅದೇ, ನೂಲು ಅದೇ, ಮಡಿಕೆಯೊಂದು ಕಿಲೋಗಿಂತ ಹೆಚ್ಚಿನ ಬಾಡಿಗೆ ಉಳಿಸಿತು. ಹೊರದೇಶಕ್ಕೆ ಕಳಿಸಬೇಕೆಂದರೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿವೆ. ಕಸ್ಟಮ್ಸಿನ ಕಾಗದವನ್ನು ಅಂಚೆಯ ಮೂಲಕವೇ ಆನ್‌ಲೈನಿನಲ್ಲಿ ತುಂಬುವ ಏರ್ಪಾಡು. ಆ ಫಾರ್ಮು ತುಂಬಲು ಬೇಕಾದ ಇಂಗ್ಲಿಷು ಸಪ್ತಾಪುರದ ನಿಮ್ಮ ಖೋಲಿಯಲ್ಲಿ ಸಾಕಷ್ಟಿದೆ. ಚಿಕ್ಕಮ್ಮಂದಿರ, ಖಾಲಾಗಳ ಪಕ್ಕದಲ್ಲಿ ಅರ್ಧ ತಾಸು ಕುಳಿತು ತುಂಬಿಕೊಡಿ. ನಿಮ್ಮ ಬಾಕ್ಸಿಗೆ ಒಂದು ಖಾಯಂ ಗಿರಾಕಿ, ಅವರ ಜಮಖಾನೆಗೆ ಬೀದಿಯಾಚೆಯ ದಾರಿ.

ನವಲಗುಂದದವರಿಗೆ ಲೆಕ್ಕ ಕೇಳುವುದನ್ನು ಹೊರಗಿನವರು ಕಲಿಸಬೇಕಿಲ್ಲ ಎಂದು ನನ್ನ ನಂಬಿಕೆ. 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಬೀದಿಗಿಳಿದದ್ದು ಒಂದು ಲೆಕ್ಕಕ್ಕಾಗಿಯೇ. ಹೊಲಕ್ಕೆ ಸರಿಯಾಗಿ ಮುಟ್ಟದ ಮಲಪ್ರಭೆಯ ನೀರಿಗೆ ಕರ, ಅದರ ಮೇಲೆ ಅಭಿವೃದ್ಧಿ ಕರ ಏಕೆ ಎಂದು ಕೇಳಿದರು. ಗೋಲಿಬಾರಿನಲ್ಲಿ ಜೀವ ಹೋದವು. ರಾಜ್ಯದ ರೈತ ಚಳವಳಿಗೆ ಕಿಚ್ಚು ಹತ್ತಿದ್ದು ಆ ದಿನದಿಂದ. ಅಂಥ ಹಿರಿಯರ ಹೆಸರನ್ನು ಡಬ್ಬಿ, ಚೀಲದ ಮಾತಿನ ನಡುವೆ ತಂದದ್ದಕ್ಕೆ ಯಾರಾದರೂ ಮುನಿದಾರು. ಮುನಿಯಲಿ. ಯಾವುದಕ್ಕೆ ಎಷ್ಟು ಕೊಡುತ್ತಿದ್ದೇನೆ, ಏಕೆ ಕೊಡುತ್ತಿದ್ದೇನೆ ಎಂದು ಕೇಳದೆ ಬಿಲ್ಲು ಕಟ್ಟುವ ಮೊಮ್ಮಗನನ್ನು ಕಂಡರೆ ಆ ಹಿರಿಯರೇ ಹೆಚ್ಚು ಮುನಿದಾರು.

ಹಾಗಾದರೆ ಏಳಿ. ಮೂರು ಮಂದಿ ಸೇರಿ. ಒಬ್ಬ ಮಾಲು ಕೂಡಿಸಲಿ, ಒಬ್ಬಳು ಅಳತೆ, ಫೋಟೊ, ಬರವಣಿಗೆ ನೋಡಲಿ, ಒಬ್ಬ ಕಟ್ಟಿ ಸಾಗಿಸಲಿ. ತಿಂಗಳ ಮೊದಲ ಹದಿನೈದು ದಿನ ಮಾರಲೇಬೇಡಿ, ಬರೀ ಅಳೆಯಿರಿ: ಊರಿನ ಯಾವ ಅಂಗಡಿಯಿಂದ ಯಾವ ಅಳತೆಯ ಬಾಕ್ಸು ವಾರಕ್ಕೆ ಎಷ್ಟು ಹೊರಬೀಳುತ್ತದೆ ಎಂದು ಒಂದು ವಹಿಯಲ್ಲಿ ಬರೆಯಿರಿ. ಮಳೆಗಾಲದಲ್ಲಿ ರಟ್ಟು ನೀರು ಕುಡಿದು ಮೆತ್ತಗಾಗುತ್ತದೆ, ನೆಲದಿಂದ ಗೇಣೆತ್ತರ ಹಲಗೆ ಹಾಕಿ ಇಡಿ. ಇಲಿಗೆ ಬೆಕ್ಕು ಸಾಕಿ. ದಸರೆ, ದೀಪಾವಳಿಗೆ ಹದಿನೈದು ದಿನ ಮೊದಲು ನಿಮ್ಮ ಗೋದಾಮು ತುಂಬಿರಬೇಕು. ಆಗ ಹುಬ್ಬಳ್ಳಿಯಲ್ಲಿ ಸೀರೆ, ಸಿಹಿತಿಂಡಿ, ಉಡುಗೊರೆ ಕಳಿಸುವವರೆಲ್ಲ ಬಾಕ್ಸಿಗಾಗಿ ಬಾಯಿಬಾಯಿ ಬಿಡುತ್ತಾರೆ. ಮೊದಲ ಮೂರು ತಿಂಗಳು ಕೈಯಲ್ಲಿ ನಿಲ್ಲುವ ದುಡ್ಡು ಕಡಿಮೆ ಎಂದು ಈಗಲೇ ಹೇಳಿಬಿಡುತ್ತೇನೆ. ಸುಳ್ಳು ಆಸೆ ತೋರಿಸುವ ಭಾಷಣಕಾರರು ಧಾರವಾಡದಲ್ಲಿ ಬೇಕಾದಷ್ಟಿದ್ದಾರೆ, ಅವರ ಸಾಲಿಗೆ ನಾನು ಸೇರುವುದಿಲ್ಲ.

ಬಬಲ್ ಶೀಟಿನ ಹುಟ್ಟಿನ ಕಥೆ ಗೊತ್ತೇ? 1957ರಲ್ಲಿ ಅಮೆರಿಕದ ಆಲ್ಫ್ರೆಡ್ ಫೀಲ್ಡಿಂಗ್, ಮಾರ್ಕ್ ಶವಾನ್ ಎಂಬಿಬ್ಬರು ಗೋಡೆಗೆ ಅಂಟಿಸುವ ಅಲಂಕಾರದ ಹಾಳೆ ಮಾಡಹೊರಟು ಎರಡು ಪ್ಲಾಸ್ಟಿಕ್ ಪರದೆಗಳನ್ನು ಸೇರಿಸಿದರು. ನಡುವೆ ಗಾಳಿಯ ಗುಳ್ಳೆ ಸಿಕ್ಕಿಕೊಂಡಿತು. ಗೋಡೆಗೆ ಅದನ್ನು ಯಾರೂ ಅಂಟಿಸಲಿಲ್ಲ. ಕೆಲವು ವರ್ಷಗಳ ಮೇಲೆ ಐಬಿಎಂ ಕಂಪನಿಯ ಕಂಪ್ಯೂಟರುಗಳನ್ನು ಸುತ್ತಿ ಕಳಿಸಲು ಬಳಸಿದಾಗಲೇ ಅದರ ದೆಸೆ ತಿರುಗಿದ್ದು. ಸೋತ ಗೋಡೆಹಾಳೆ, ಗೆದ್ದ ಹೊದಿಕೆ.

ನನ್ನ ರೋಲಿನದೂ ಹೆಚ್ಚು ಕಡಿಮೆ ಅದೇ ಕಥೆ. ಬಸ್ಸಿನಲ್ಲಿ ಫುಲ್ ಟಿಕೀಟಿನ ಗೌರವ ಪಡೆದು ನವಲಗುಂದಕ್ಕೆ ಬಂದ ಅದನ್ನು ಪಡಸಾಲೆಯ ಮೂಲೆಗೆ ನಿಲ್ಲಿಸಿದೆ. ಎದುರುಮನೆಯ ಬಳೆ ಅಂಗಡಿಯವರು ಕಂಡು ಎರಡು ಮೀಟರ್ ಕತ್ತರಿಸಿಕೊಂಡು ಹೋದರು. ಮರುದಿನ ಮೊಬೈಲ್ ರಿಪೇರಿಯ ಹುಡುಗ ಐದು ಮೀಟರ್. ಕಪ್ಪು-ಬಸಿ ತೆಗೆದುಕೊಂಡು ಮಗಳ ಮನೆಗೆ ಹೊರಟ ಅತ್ತೆಯೊಬ್ಬರು ಮೂರು ಮೀಟರಿಗೆ ಚೌಕಾಸಿ ಮಾಡಿ ನಾಲ್ಕು ಒಯ್ದರು. ಮೀಟರಿಗೆ ಇಷ್ಟು ಎಂದು ನಾನು ಹೇಳಿದ್ದು ಮೂರನೆಯ ದಿನದಿಂದ. ತಿಂಗಳು ತುಂಬುವುದರೊಳಗೆ ದಾವಣಗೆರೆಯವರು ಕೊಡುತ್ತೇನೆಂದಿದ್ದ 700 ರೂಪಾಯಿ ದಾಟಿತ್ತು, ಬಾಡಿಗೆ ಸೊನ್ನೆ. ಕೊನೆಗೆ ನಡುವಿನ ರಟ್ಟಿನ ಕೊಳವೆಯೊಂದು ಉಳಿಯಿತು. ಅದನ್ನೂ ಕೇಳಿಕೊಂಡು ಚಿತ್ರಕಲೆಯ ಮಾಸ್ತರರೊಬ್ಬರು ಬಂದರು. ವಿದ್ಯಾರ್ಥಿಯೊಬ್ಬನ ಚಿತ್ರವನ್ನು ಮೈಸೂರಿನ ಸ್ಪರ್ಧೆಗೆ ಸುರುಳಿ ಸುತ್ತಿ ಕಳಿಸಬೇಕಿತ್ತಂತೆ. ಕೊಳವೆಯನ್ನು ಕೈಗೆ ಕೊಟ್ಟೆ. ಅವರು ಥ್ಯಾಂಕ್ಸ್ ಹೇಳುವ ಮೊದಲು ಜೇಬಿನಿಂದ ಟೇಪು ತೆಗೆದು ಬಾಯಿಯ ಅಗಲ ಅಳೆದರು, ಆಮೇಲೆ ಉದ್ದ.

“ಒಂದ್ ಗೇಣು ಕತ್ತರಿಸಿದ್ರ ನಡೀತದೇನ್ರಿ?” ಎಂದು ಕೇಳಿದರು.

ಗರಗಸ ತರಲು ನಾನು ಒಳಗೆ ಹೋದೆ.